ಹನ್ನೊಂದು ಸೆಕೆಂಡು

ಇಸ್ಪೀಟೆಲೆಯಷ್ಟು ಅಗಲದ ಹಸಿರು ಹಲಗೆ.
ಅದಕ್ಕೆ ಕತ್ತಲಲ್ಲೂ ಕಾಣುವ ಒಂದು ಕಣ್ಣು,
ತೋಟದ ತಿರುವಿನಲ್ಲಿ ಉರಿಯಬೇಕಾದ ಒಂದು ಕೆಂಪು ಬಲ್ಬು.
ಆನೆ ಕಂಡರೆ ಬಲ್ಬು. ಇಷ್ಟೇ ಕೆಲಸ.

ನೆಲ್ಯಹುದಿಕೇರಿಯಲ್ಲಿ ಕರೆಂಟು
ಬೀಡಿಗೆ ಬೆಂಕಿ ಕೇಳಿ ಬರುವವನ ಹಾಗೆ
ಬಂತು ಅನ್ನುವಷ್ಟರಲ್ಲಿ ಹೊರಟಿರುತ್ತದೆ.
ಬಂದಾಗಲೆಲ್ಲ ಹಲಗೆ ಮೊದಲಿನಿಂದ ಏಳಬೇಕು:
ಬ್ಲೂಟೂತ್ ಹುಡುಕಿ, ಪ್ರಿಂಟರ್ ಹುಡುಕಿ,
ಇಲ್ಲದ ಪರದೆಗೆ ಬಣ್ಣ ಬಳಿದು,
ಇಲ್ಲದ ಸ್ಪೀಕರಿಗೆ ದನಿ ಸರಿಮಾಡಿ,
ತೊಂಬತ್ತೆರಡು ಸೆಕೆಂಡು. ನಾನೇ ಎಣಿಸಿದ್ದೇನೆ.
ಆನೆ ರಸ್ತೆ ದಾಟಲು ಹನ್ನೊಂದು.
ಅದನ್ನೂ ಎಣಿಸಿದ್ದೇನೆ, ಸ್ಕೂಟರ್ ಬಿಟ್ಟು
ಚರಂಡಿಯಲ್ಲಿ ಕೂತು.

ಯಾರಿಗೋ ಹೊಲಿದ ಅಂಗಿ ಇದು,
ನನ್ನದನ್ನು ನಾನೇ ಹೊಲಿಯುತ್ತೇನೆ ಅಂದೆ.
ಮೊಬೈಲಿಗೆ ಗಾಜು ಕೂರಿಸುವವನ ಸೊಕ್ಕು.

ಕರ್ನಲ್ಲಿನ ಪಟ್ಟಿ ತೆರೆದರೆ ಸಾವಿರಾರು ಪ್ರಶ್ನೆ.
ಟೇಪು ಬೇಕೆ? ಜಾಯ್‌ಸ್ಟಿಕ್ ಬೇಕೆ?
ಹೆಸರೇ ಕೇಳದ ಯಾವುದೋ ರೇಡಿಯೊ ಬೇಕೆ?
ಗೊತ್ತಿಲ್ಲದಿದ್ದರೆ ಬೇಡ ಎನ್ನಿ,
ಎಂದು ಪಕ್ಕದಲ್ಲಿ ಅದೇ ಬರೆದಿರುತ್ತದೆ.
ಇಷ್ಟು ಸಲೀಸಾದ ಮಾತನ್ನು
ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಲ್ಯಾಪ್‌ಟಾಪು ನಾಲ್ಕು ಗಂಟೆ ಕಟ್ಟಿತು. ಅದರ ಬಿಸಿಗೆ
ಪಕ್ಕದ ಹೋಟೆಲಿನ ಬೆಕ್ಕು ಬಂದು ಮಲಗಿತು.
ಮುಗಿಯುವ ಹೊತ್ತಿಗೆ ಡಿಸ್ಕಿನಲ್ಲಿ ಜಾಗವಿಲ್ಲ.
ಎರಡನೆಯ ಸಲ ಹಲಗೆ ಎದ್ದಿತು,
ಎಲ್ಲರನ್ನೂ ಎಬ್ಬಿಸಬೇಕಾದವನೇ ಇಲ್ಲ ಎಂದು ಬರೆದು ಬಿದ್ದಿತು.
ಮೂರನೆಯ ಸಲ ತನ್ನ ಕಾಲುಗಳೇ ಅದಕ್ಕೆ ಗೊತ್ತಿಲ್ಲ;
ನಾನಿಟ್ಟ ಡಿವೈಸ್ ಟ್ರೀ ಇನ್ಯಾವುದೋ ಹಲಗೆಯದು,
ಹದಿನೇಳನೆಯ ಪಿನ್ನಿಗೆ ಕಳಿಸಿದ ಬೆಳಕು ಎಲ್ಲಿ ಹೋಯಿತೋ.
ಆರು, ಏಳು. ಎಂಟನೆಯದನ್ನು ಬರೆದಿಟ್ಟಿಲ್ಲ.

ಆ ವಾರ ಕಂಬ ನೆಡಲು ಚೋಂದಮ್ಮನವರ ತೋಟಕ್ಕೆ ಹೋದರೆ
ಸೆಲ್ವಿಯಕ್ಕ ರೊಬಸ್ಟಾದ ಚಿಗುರು ತೆಗೆಯುತ್ತಿದ್ದಳು.
ಕತ್ತಿ ಬೇಡ, ಹೆಬ್ಬೆರಳು ಸಾಕು. ಚಟ್, ಚಟ್.
ಗಿಡದ ಹೊಟ್ಟೆಯೊಳಗೆ ಬಿಸಿಲು ಇಳಿಯುವ ತನಕ.
ಒಂದನ್ನು ಮಾತ್ರ ಬಿಟ್ಟಳು, ರೆಕ್ಕೆ ಮುರಿದ ಕಡೆ.
"ಅದ್ಯಾಕೆ?"
"ಅದು ಬೇಕಾಗ್ತದೆ, ತಂಬಿ."
ನಾನು ಚಟ್ ಚಟ್ ಅನ್ನುವುದನ್ನಷ್ಟೇ ಕಲಿತು ಬಂದೆ.

ಕಿತ್ತೆ. ಸದ್ದು ಕಿತ್ತೆ, ಪರದೆ ಕಿತ್ತೆ, ನೆಟ್‌ವರ್ಕು ಕಿತ್ತೆ,
ಎಷ್ಟೋ ಭಾಷೆಗಳ ಅಕ್ಷರ, ನಮ್ಮದೂ ಸೇರಿ,
ಊರೂರಿನ ಹೊತ್ತುಗೊತ್ತಿನ ಲೆಕ್ಕ.
ಎರಡು ಜಿಬಿ ಇದ್ದದ್ದು ಇಪ್ಪತ್ತೆಂಟು ಎಂಬಿಗೆ ಇಳಿಯಿತು.
ಕಾರ್ಡಿಗೆ ಬರೆದೆ, ಪ್ಲಗ್ಗು ಹಾಕಿದೆ.
ಆರು ಸೆಕೆಂಡು!
ನನ್ನನ್ನೇ ಆನೆ ಎಂದುಕೊಂಡು ಬಲ್ಬು ಉರಿಯಿತು.
ಶಟರ್ ಎಳೆದುಕೊಂಡು ಒಬ್ಬನೇ ಕುಣಿದೆ.

ಮಂಗಳವಾರ ಬೆಳಗ್ಗೆ ಅವು ಬಂದವು.
ಕೆಲಸಕ್ಕೆ ಹೊರಟ ಒಂಬತ್ತು ಜನ
ಕೆಂಪು ಕಂಡು ತಿರುವಿನ ಈಚೆಗೇ ನಿಂತರಂತೆ,
ಸೆಲ್ವಿಯಕ್ಕ ಬುತ್ತಿ ಡಬ್ಬಿ ಎದೆಗೊತ್ತಿಕೊಂಡು.
ನಾಲ್ಕು ಬಾಳೆ ಹೋಯಿತು, ಒಂದು ಗೇಟು.
"ಎಷ್ಟು ಹೊತ್ತಿಗೆ ಬಂದವು? ಅರಣ್ಯ ಇಲಾಖೆಗೆ ಬರೆಯಬೇಕು"
ಎಂದರು ಚೋಂದಮ್ಮ, ಮಳೆಯನ್ನೂ
ಇಂಚು ಸೆಂಟು ತಪ್ಪದೆ ಬರೆದಿಡುವವರು.
ಕಾರ್ಡು ತೆಗೆದು ನೋಡಿದೆ:

೧ ಜನವರಿ ೧೯೭೦. ರಾತ್ರಿ ಹನ್ನೆರಡು ಗಂಟೆ ನಾಲ್ಕು ನಿಮಿಷ.
ದೊಡ್ಡವು ಎರಡು. ಮರಿ ಒಂದು.

ಗಡಿಯಾರವನ್ನೂ ಕಿತ್ತಿದ್ದೆ.
ಕರೆಂಟು ಹೋಗಿ ಬಂದಾಗಲೆಲ್ಲ ನನ್ನ ಹಲಗೆ
ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಕಣ್ಣು ಬಿಡುತ್ತದೆ:
ಸೋಲಾರ್ ಬೇಲಿ ಇಲ್ಲ, ಕಂದಕ ಇಲ್ಲ,
ಮುರಿಯಲು ಗೇಟೂ ಇಲ್ಲ,
ಎರಡು ಆನೆ, ಒಂದು ಮರಿ ಹೊಳೆಗೆ ಹೊರಟಿವೆ,
ಮರಿ ಮಾತ್ರ ತಿರುವಿನಲ್ಲಿ ನಿಂತು
ಆ ಕೆಂಪನ್ನು ನೋಡುತ್ತಿದೆ.

ಚೋಂದಮ್ಮ ಕನ್ನಡಕ ತೆಗೆದು ನಕ್ಕರು:
"ಆಗಿನ ಗೇಟಿಗೆ ಈಗ ಪರಿಹಾರ ಕೊಡ್ತಾರಾ?"

ಗುಂಡಿ ಬ್ಯಾಟರಿ ಒಂದಿತ್ತು,
ಯಾರೋ ರಿಪೇರಿಗೆ ಕೊಟ್ಟು ಮರೆತ ತಕ್ಕಡಿಯದು.
ಪಟ್ಟಿ ಮತ್ತೆ ತೆರೆದೆ.
ಗಡಿಯಾರ ಬೇಕೆ?
ಬೇಕು.

ಇನ್ನು ನಾಲ್ಕು ಗಂಟೆ.
ಬೆಕ್ಕು ಆಗಲೇ ಬಂದು ಕೂತಿದೆ.